‘ಳ’ ಎಲ್ಲಿ ಕೂರಬೇಕು?

ಓಝರ್, ನಾಶಿಕ ಜಿಲ್ಲೆ
೨೨ ಏಪ್ರಿಲ್ ೨೦೧೨, ರವಿವಾರ

ಪ್ರೀತಿಯ ಲಿಂಗರಾಜು ಅವರಿಗೆ,

ಹೀಗೆ ಹೆಸರು ಹಿಡಿದು ಬರೆದದ್ದನ್ನು ಅತ್ತೆಯವರು ಹಿಂದಿನಿಂದ ಬಗ್ಗಿ ನೋಡಿ, “ಗಂಡನ ಹೆಸರು ಹಿಂಗ ಬಯಲಿಗಿಟ್ರ ಹೆಂಗ?” ಅಂದರು. ಹೆಸರಿಲ್ಲದೆ ಕಳಿಸಿದರೆ ರಷ್ಯಾದಲ್ಲಿ ಯಾರ ಗಂಡನ ಕೈಗೆ ಸಿಗುತ್ತದೋ ಎಂದೆ. ನಿಮ್ಮ ಆರೋಗ್ಯ ಹೇಗಿದೆ? ಇರ್ಕುಟ್ಸ್ಕ್‌ನಲ್ಲಿ ಇನ್ನೂ ಹಿಮ ಕರಗಿಲ್ಲವಂತೆ. ಮೊಣಕಾಲಿಗೆ ಉಣ್ಣೆಯ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀರೋ ಅಥವಾ ಸೂಟ್‌ಕೇಸಿನಲ್ಲೇ ಬೆಚ್ಚಗೆ ಇಟ್ಟಿದ್ದೀರೋ? ಇಲ್ಲಿ ಬಿಸಿಲು ಜೋರಾಗಿದೆ. ಅತ್ತೆಯವರ ಬಿಪಿ ಹತೋಟಿಯಲ್ಲಿದೆ, ಉಪ್ಪಿನಕಾಯಿ ಮಾತ್ರ ಹತೋಟಿಗೆ ಬಂದಿಲ್ಲ. ನಾನು ಆರಾಮಾಗಿದ್ದೇನೆ.

ನಿಮ್ಮ ವಿಮಾನ ಕಾರ್ಖಾನೆಯ ಖಂಡಪ್ಪನವರು ಇವತ್ತು ಸಂಜೆ ಮುಂಬಯಿಗೆ ಹೊರಟು ಅಲ್ಲಿಂದ ನಿಮ್ಮಲ್ಲಿಗೇ ಬರುತ್ತಿದ್ದಾರೆ. ಅವರ ಕೈಯಲ್ಲಿ ಶೇಂಗಾ ಚಟ್ನಿ, ಅಗಸಿ ಚಟ್ನಿ ಮತ್ತು ಈ ಪತ್ರ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮ ಮಾತು ಅಷ್ಟು ದೂರದಿಂದ ತಡವಾಗಿ ಬಂದು ನನ್ನ ಮಾತಿನ ಮೇಲೆ ಬೀಳುತ್ತದೆ. ಒಂದು ಸಲ ನಾನು “ನನ್ನ ಕೆಲಸ ಹೋಗಬಹುದು” ಎಂದಾಗ ನಿಮ್ಮ ಕಡೆಯಿಂದ “ಭಾಳ ಛಲೋ ಆತು” ಎಂಬ ಉತ್ತರ ಬಂತು. ಅದು ಅದಕ್ಕಿಂತ ಹಿಂದೆ ಹೇಳಿದ ಬಿಪಿಗೆ ಕೊಟ್ಟ ಉತ್ತರ ಎಂದು ನನಗೆ ತಿಳಿಯುವಷ್ಟರಲ್ಲಿ ಲೈನ್ ಕಟ್ಟಾಗಿತ್ತು. ಆದ್ದರಿಂದ ಮೊದಲಿನಿಂದ ಬರೆಯುತ್ತೇನೆ. ಕೆಲಸ ಹೋಗಿಲ್ಲ. ಹೋಗುವ ತನಕ ಹೋಗಿ ನಿಂತಿತು, ಅಷ್ಟೇ.

ನೀವು ಹೊರಡುವಾಗ ನಾನು ಕಾಲೇಜಿನಲ್ಲಿ ಹೊಸ ವಿಷಯವೊಂದನ್ನು ಕಲಿಸಲು ಒಪ್ಪಿಗೆ ಕೇಳಿದ್ದೆನಲ್ಲ, ಅದು ಸಿಕ್ಕಿತು. ಕೊನೆಯ ವರ್ಷದ ಮಕ್ಕಳು ಪ್ರಾಜೆಕ್ಟ್ ಎಂದು ಎಲ್ಲರೂ ಅದೇ ಗ್ರಂಥಾಲಯದ ಲೆಕ್ಕದ ತಂತ್ರಾಂಶ ಮಾಡುತ್ತಾರೆ. ಅದನ್ನು ಯಾವ ಗ್ರಂಥಾಲಯವೂ ಬಳಸುವುದಿಲ್ಲ. ಅದರ ಬದಲು ನಿಜವಾಗಿ ಬಳಕೆಯಲ್ಲಿರುವ ಒಂದು ದೊಡ್ಡ ಓಪನ್ ಸೋರ್ಸ್ ತಂತ್ರಾಂಶದಲ್ಲಿ ಕೆಲಸ ಮಾಡಲಿ ಎಂಬುದು ನನ್ನ ಆಸೆ. ಪತ್ರ ಬರೆಯಲು, ಲೆಕ್ಕದ ಪಟ್ಟಿ ಮಾಡಲು ನಮ್ಮ ಕಾಲೇಜಿನ ಆಫೀಸಿನಲ್ಲೂ ಬಳಸುತ್ತೇವಲ್ಲ, ಅದೇ. ಅದರ ಕೋಡ್ ಯಾರು ಬೇಕಾದರೂ ಓದಬಹುದು, ತಪ್ಪು ಕಂಡರೆ ತಿದ್ದಿ ಕಳಿಸಬಹುದು. ಅದನ್ನು ನೋಡಿಕೊಳ್ಳುವವರು ಪರೀಕ್ಷಿಸಿ ಒಪ್ಪಿದರೆ ಆ ತಿದ್ದುಪಡಿ ಜಗತ್ತಿನ ಎಲ್ಲರ ಕಂಪ್ಯೂಟರಿಗೂ ಹೋಗುತ್ತದೆ. ಇದನ್ನು ನಿಮಗೆ ಹೇಳಿದಾಗ ನೀವು ಕೇಳಿದ್ದು ಒಂದೇ ಪ್ರಶ್ನೆ. “ಪುಕ್ಕಟೆ ಕೆಲಸಕ್ಕ ಜವಾಬ್ದಾರಿ ಯಾರದು? ನಮ್ಮಲ್ಲಿ ಒಂದು ಬೋಲ್ಟಿಗೂ ಸಹಿ ಇರ್ತದ.” ಇಲ್ಲಿಯೂ ಪ್ರತಿ ಸಾಲಿಗೆ ಬರೆದವರ ಹೆಸರಿರುತ್ತದೆ ಎಂದು ನಾನು ಹೆಮ್ಮೆಯಿಂದ ಹೇಳಿದ್ದೆ. ಆ ಹೆಸರೇ ನಮ್ಮನ್ನು ಹಿಡಿದುಕೊಟ್ಟಿತು.

ನಾನು ಮಾಡಿದ ಪೆದ್ದುತನ ಇಷ್ಟೇ: ಒಪ್ಪಿಗೆಯಾದ ತಿದ್ದುಪಡಿಗೆ ಪೂರ್ತಿ ಅಂಕ ಎಂದುಬಿಟ್ಟೆ. ನಮ್ಮ ಮಕ್ಕಳು ನಿಮಗೆ ಗೊತ್ತಲ್ಲ. ಒಬ್ಬನಿಗೆ ಕೋಡಿನ ಟಿಪ್ಪಣಿಯಲ್ಲಿ ಒಂದು ಸ್ಪೆಲಿಂಗ್ ತಪ್ಪು ಸಿಕ್ಕಿತು. ಒಳ್ಳೆಯ ಮನಸ್ಸಿನವನು, ಎಲ್ಲರಿಗೂ ಹೇಳಿದ. ಇಡೀ ತರಗತಿ ಅದೇ ಒಂದು ತಪ್ಪನ್ನು ತಿದ್ದಿ, ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಕಳಿಸಿದರು. ಕೆಲವರು ತಿದ್ದಿದ್ದರಲ್ಲೂ ತಪ್ಪು. ಮನೋಜ ಕಾಸಾರ ಎಂಬ ಹುಡುಗ, ಚುರುಕು ಆದರೆ ಅವಸರ, ತಿದ್ದುವ ಕಷ್ಟವೇ ಬೇಡವೆಂದು ಕೃತಜ್ಞತೆಯ ಪುಟದಲ್ಲಿ ನೇರವಾಗಿ ತನ್ನ ಹೆಸರನ್ನೇ ಸೇರಿಸಿ ಕಳಿಸಿದ. ಎಲ್ಲದರ ಕೆಳಗೂ “ದಯವಿಟ್ಟು ಬೇಗ ಒಪ್ಪಿಕೊಳ್ಳಿ, ಶುಕ್ರವಾರ ಅಂಕ ಕೊಡುತ್ತಾರೆ” ಎಂಬ ವಿನಂತಿ. ಆ ಭಾಗವನ್ನು ನೋಡಿಕೊಳ್ಳುವವರು ಜರ್ಮನಿಯ ಇಂಗ್ರಿಡ್ ಎಂಬ ಹೆಂಗಸು. ನಿಮ್ಮ ಶಿಕ್ಷಕರು ಯಾರು ಎಂದು ಆಕೆ ಕೇಳಿದರು. ಮಕ್ಕಳಿಗೆ ಸಂತೋಷವೋ ಸಂತೋಷ. ನನ್ನ ಹೆಸರು, ಹುದ್ದೆ, ಮೊಬೈಲ್ ನಂಬರ್ ಎಲ್ಲವನ್ನೂ ಕೊಟ್ಟರು. ಮರುದಿನ ನಮ್ಮ ಕಾಲೇಜಿನಿಂದ ಏನು ಕಳಿಸಿದರೂ ಅಲ್ಲಿಗೆ ಹೋಗದಂತೆ ಬಾಗಿಲು ಹಾಕಿದ್ದರು.

ಪ್ರಿನ್ಸಿಪಾಲರು ಕರೆಸಿದರು. “ಮ್ಯಾಡಮ್, ಹೇ ಕಾಯ್ ಕೇಲಂತ್ ತುಮ್ಹೀ?” ಎಂದು ಶುರು ಮಾಡಿದವರು, ಏನು ಮಾಡಿದ್ದೇನೆ ಎಂದು ನಾನು ಬಾಯಿ ಬಿಡುವ ಮೊದಲೇ ತಾವೇ ಹೇಳಿ ಮುಗಿಸಿದರು. ತಪಾಸಣೆಯ ಸಮಿತಿ ಬರುವುದಿದೆ, ಅಂತರರಾಷ್ಟ್ರೀಯ ಮಟ್ಟದಲ್ಲಿ ಕಾಲೇಜಿನ ಹೆಸರು ಬರಲಿ ಎಂದು ತಾವೇ ಹೇಳಿದ್ದು ನಿಜ, ಆದರೆ ಹೀಗಲ್ಲ. ವಿಷಯ ಮುಚ್ಚಿ, ಗ್ರಂಥಾಲಯದ ಪ್ರಾಜೆಕ್ಟನ್ನೇ ಕೊಡಿ; ಇಲ್ಲದಿದ್ದರೆ ಜೂನಿನಲ್ಲಿ ನಿಮ್ಮ ಗುತ್ತಿಗೆ ಮುಂದುವರಿಸುವುದು ಕಷ್ಟ ಎಂದರು. ನಿಮಗೆ ಫೋನ್ ಮಾಡಿದ್ದು ಆ ದಿನವೇ.

ಇಂಗ್ರಿಡ್ ಅವರಿಗೆ ಕ್ಷಮೆ ಕೇಳಿ ಬರೆಯಲು ಕುಳಿತೆ. ಭಾರತದ ಶಿಕ್ಷಣ ಪದ್ಧತಿಯಿಂದ ಶುರುವಾಗಿ ಪುಟಗಟ್ಟಲೆ ಬೆಳೆಯಿತು. ಏನು ಬರೀತಿ ಎಂದು ಅತ್ತೆಯವರು ಕೇಳಿದರು, ಹೇಳಿದೆ. “ತಪ್ಪಾತು ಅಂತ ಬರಿ. ಪುರಾಣ ಯಾಕ? ಆಕಿಗೂ ಮನಿ ಕೆಲಸ ಇರ್ತಾವು” ಅಂದರು. ಎಲ್ಲ ಅಳಿಸಿ ಮೂರು ಸಾಲು ಕಳಿಸಿದೆ. ಆಕೆಯ ಉತ್ತರವೂ ಅಷ್ಟೇ ಚಿಕ್ಕದು: ಇಡೀ ತರಗತಿಯಿಂದ ಒಂದೇ ಒಂದು ತಿದ್ದುಪಡಿ ನೋಡುತ್ತೇನೆ. ಮೊದಲು ನೀವು ಓದಿ, ನಿಮ್ಮ ಹೆಸರು ಹಾಕಿ. ಮಕ್ಕಳಿಗೆ ಬರೆಯುವುದಕ್ಕಿಂತ ಮೊದಲು ಓದುವುದನ್ನು ಕಲಿಸಿ. ಅದನ್ನು ಪ್ರಿನ್ಸಿಪಾಲರಿಗೆ ತೋರಿಸಿದೆ. “ಒಂದು” ಎಂಬುದು ಅವರಿಗೆ ಕಡಿಮೆ ಅನಿಸಿತು, “ಜರ್ಮನಿ” ಎಂಬುದು ಹಿಡಿಸಿತು. ಸಮಿತಿ ಬರುವವರೆಗೆ ಸಮಯ ಕೊಟ್ಟರು.

ಕಾಲೇಜಿನಿಂದ ಆ ತಾಣ ತೆರೆಯುತ್ತಿರಲಿಲ್ಲವಾದ್ದರಿಂದ ರವಿವಾರಗಳಂದು ಮಕ್ಕಳು ಸರದಿಯ ಮೇಲೆ ನಮ್ಮ ಮನೆಗೆ ಬರತೊಡಗಿದರು. ನಿಮ್ಮ ಟಿವಿಯ ಮುಂದಿನ ಕುರ್ಚಿಯ ಬಗ್ಗೆ ಬಂದ ಮೇಲೆ ಮಾತಾಡೋಣ. ನಾಲ್ಕು ಜನ ಸೇರಿ ಒಂದೊಂದು ಪುಟ ಕೋಡ್ ಓದುವುದು, ಇದು ಯಾಕೆ ಹೀಗಿದೆ ಎಂದು ಕೇಳುವುದು. ಒಂದು ಸಾಲನ್ನೂ ಮುಟ್ಟುವಂತಿಲ್ಲ. ಮೊದಲಿಗೆ ಎಲ್ಲರೂ ಅತ್ತೆಯವರ ಮಂಡಕ್ಕಿ ಉಸುಳಿಗಾಗಿಯೇ ಬರುತ್ತಿದ್ದರು ಎಂದು ನನ್ನ ಅನುಮಾನ. ನಿಧಾನವಾಗಿ ರುಚಿ ಹತ್ತಿತು, ಕೋಡಿನದು.

ಒಂದು ರವಿವಾರ ಮನೋಜನಿಗೂ ಅಲಕಾ ಕಾಳೆ ಎಂಬ ಹುಡುಗಿಗೂ ಜಗಳವಾಯಿತು. ಅಲಕಾ ಯೇವಲಾದವಳು, ಮಾತು ಕಡಿಮೆ, ಹಟ ಜಾಸ್ತಿ. ಮೌಖಿಕ ಪರೀಕ್ಷೆಗೆ ಪ್ರತಿ ಸಲ ತನ್ನನ್ನೇ ಮನೋಜನಿಗಿಂತ ಮೊದಲು ಕರೆಯುತ್ತಾರೆ, ಪರೀಕ್ಷಕರ ಹುರುಪೆಲ್ಲ ತನ್ನ ಮೇಲೇ ಖರ್ಚಾಗುತ್ತದೆ, ಆಮೇಲೆ ಹೋದ ಇವನು ಹಲ್ಲು ಕಿರಿದು ಪಾಸಾಗುತ್ತಾನೆ ಎಂಬುದು ಅವಳ ದೂರು. ನಮ್ಮ ಆಫೀಸಿನ ಪಟ್ಟಿ ಮರಾಠಿಯಲ್ಲಿ ಇರುತ್ತದಲ್ಲ, ಅಡ್ಡಹೆಸರಿನ ಅಕ್ಷರಕ್ರಮದಲ್ಲಿ. “ಕಂಪ್ಯೂಟರೇ ಹಾಗೆ ಜೋಡಿಸುತ್ತದೆ, ನಾನೇನು ಮಾಡಲಿ” ಅಂದ ಮನೋಜ. ಅಲಕಾ ಎದ್ದು ನಿಂತಳು. “ಹೇ ಬರೋಬರ್ ನಾಹೀ, ಸರಿಯಿಲ್ಲ ಇದು! ಶಾಲೆಯ ಒಂದನೇ ಇಯತ್ತೆಯಲ್ಲಿ ಏನು ಕಲಿತೆ? ಸ, ಹ, ಆಮೇಲೆ ಳ. ಕಾಸಾರ ಮೊದಲು ಬರಬೇಕು, ಕಾಳೆ ಆಮೇಲೆ!” ಅಡುಗೆಮನೆಯಿಂದ ಅತ್ತೆಯವರು ಕನ್ನಡ ಶಾಲೆಯ ರಾಗದಲ್ಲಿ “ಯ ರ ಲ ವ ಶ ಷ ಸ ಹ ಳ” ಎಂದು ಹಾಡಿಯೇಬಿಟ್ಟರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಕಂಪ್ಯೂಟರಿನಲ್ಲಿ ಹೆಸರು ಹಾಕಿ ಜೋಡಿಸಿ ನೋಡಿದೆ. ಳ ಎಂಬ ಅಕ್ಷರವನ್ನು ಅದು ಲ ಪಕ್ಕದಲ್ಲೇ ಕೂರಿಸುತ್ತಿತ್ತು. ಇಷ್ಟು ವರ್ಷ ಊರಿನ ಪಟ್ಟಿಗಳೆಲ್ಲ ತಪ್ಪು ಕ್ರಮದಲ್ಲಿ ಹೊರಬರುತ್ತಿದ್ದವು, ಯಾರೂ ಕೇಳಿರಲಿಲ್ಲ. ನಮಗೆ ನಮ್ಮ ತಿದ್ದುಪಡಿ ಸಿಕ್ಕಿತ್ತು.

ಇಂಗ್ರಿಡ್‌ಗೆ ಬರೆದೆವು. ಇಬ್ಬರು ವಿದ್ಯಾರ್ಥಿಗಳ ಜಗಳ ಸಾಕ್ಷಿಯಾಗುವುದಿಲ್ಲ, ಮರಾಠಿ ಬಲ್ಲವರೆಲ್ಲ ಇದನ್ನು ಒಪ್ಪುತ್ತಾರೆಯೇ ಎಂದು ಕೇಳಿದರು. ಔರಂಗಾಬಾದಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವ ಮಂಗಲಾ ಮ್ಯಾಡಮ್ ನನಗೆ ಪರಿಚಯ. ಅವರ ಕಾಲೇಜಿನ ಮರಾಠಿ ವಿಭಾಗ ದೊಡ್ಡದು. ಅಲಕಾ, ಮನೋಜ ಇಬ್ಬರನ್ನೂ ಕಟ್ಟಿಕೊಂಡು ಹೊರಟೆ. ಬಸ್ಸಿನ ಫಲಕದಲ್ಲಿ ಔರಂಗಾಬಾದ್ ಎಂದಿತ್ತು, ಅದೇ ಊರನ್ನು ಕಂಡಕ್ಟರ್ ಸಂಭಾಜಿನಗರ ಎಂದು ಕೂಗುತ್ತಿದ್ದ, ಮನೋಜ ಎರಡು ಬಸ್ಸುಗಳಿವೆ ಎಂದುಕೊಂಡು ಇಳಿಯಲು ಹೋದ. ದಾರಿಯುದ್ದಕ್ಕೂ ಇಬ್ಬರೂ ಅಂಗಡಿ ಫಲಕಗಳಲ್ಲಿ ಳ ಹುಡುಕಿದರು. ಯೇವಲಾ ಬಂದಾಗ ಅಲಕಾ ಮದುವೆಗೆ ಕೊಳ್ಳುವ ಪೈಠಣಿ ಸೀರೆಯ ಅಂಗಡಿಗಳ ಹೆಸರನ್ನೆಲ್ಲ ಗಟ್ಟಿಯಾಗಿ ಓದಿದ್ದಕ್ಕೆ, ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಮದುವೆ ಯಾವಾಗ ಎಂದು ಕೇಳಿದರು.

ಔರಂಗಾಬಾದಿನಲ್ಲಿ ಮರಾಠಿ ಪ್ರಾಧ್ಯಾಪಕರೆಲ್ಲ ಸೇರಿದ್ದರು. ಹ ಆದ ಮೇಲೆ ಳ ಎಂಬುದನ್ನು ಒಂದೇ ಉಸಿರಿನಲ್ಲಿ ಒಪ್ಪಿದರು. ಕೆಲಸ ಆಯಿತು, ಊಟದ ಹೊತ್ತಿಗೆ ಬಸ್ ಹಿಡಿಯಬಹುದು ಎಂದುಕೊಂಡೆ. ಆಗ ಯಾರೋ ಒಬ್ಬರು, ಹಾಗಾದರೆ ಕ್ಷ ಒಂದು ಅಕ್ಷರವೇ ಅಲ್ಲವೇ ಎಂದು ಕೇಳಿದರು. ಅಲ್ಲಿಂದ ಮುಂದೆ ನನಗೆ ಏನೂ ಸರಿಯಾಗಿ ಕೇಳಿಸಲಿಲ್ಲ, ಅಷ್ಟು ಜನ ಒಟ್ಟಿಗೆ ಮಾತಾಡುತ್ತಿದ್ದರು. ಒಬ್ಬರು ಎದ್ದು ಹೊರಗೆ ಹೋಗಿ, ಇನ್ನೊಂದು ವಾದ ನೆನಪಾಗಿ ಮತ್ತೆ ಒಳಗೆ ಬಂದರು. ಕೊನೆಗೆ ಮಂಗಲಾ ಮ್ಯಾಡಮ್ ಚಹಾ ತರಿಸಿ, ಚಹಾದ ಜೊತೆಗೇ ಳ ಬಗ್ಗೆ ಮಾತ್ರ ಬರೆದ ಹಾಳೆಯನ್ನು ಮುಂದಿಟ್ಟು ಎಲ್ಲರ ಸಹಿ ಹಾಕಿಸಿಕೊಟ್ಟರು.

ಕೋಡ್ ಬರೆದವನು ಮನೋಜ. ಇಂಗ್ರಿಡ್ ವಾಪಸ್ ಕಳಿಸಿದರು: ಕೋಡ್ ಸರಿಯಿದೆಯೇ ಎಂದು ನೋಡುವ ಪರೀಕ್ಷೆ ಎಲ್ಲಿ? ಅಲಕಾ ಆ ಪರೀಕ್ಷೆಯ ಕೋಡ್ ಬರೆದಳು. ಮತ್ತೆ ವಾಪಸ್: ಪಕ್ಕದ ಸಾಲುಗಳನ್ನು ಯಾಕೆ ಮುಟ್ಟಿದಿರಿ? ಮನೋಜ “ಚಂದ ಕಾಣಲಿ ಅಂತ” ಎಂದು ಗೊಣಗಿ ತೆಗೆದ. ಮತ್ತೆ ವಾಪಸ್. “ಮ್ಯಾಡಮ್, ಈ ಹೆಂಗಸಿಗೆ ಮನೆಯಲ್ಲಿ ಯಾರೂ ಇಲ್ಲವೇ?” ಎಂದು ಅವನ ಕಣ್ಣಲ್ಲಿ ನೀರು. ಪಾಪ, ಇಷ್ಟು ಸಲ ಯಾರೂ ಅವನ ಬರಹವನ್ನು ಓದಿಯೇ ಇರಲಿಲ್ಲ. ನಾವು ಕಾಲೇಜಿನಲ್ಲಿ ಮೊದಲ ಪುಟ ನೋಡಿ ಸಹಿ ಹಾಕುವವರು. ಅಷ್ಟರಲ್ಲಿ ಇಂಗ್ರಿಡ್ ಇನ್ನೊಂದು ಕೇಳಿದರು, ಕನ್ನಡದಲ್ಲೂ ಈ ಅಕ್ಷರ ಇದೆಯಲ್ಲ, ಅದರ ಗತಿಯೇನು? ಆ ಭಾಗ ನಾನು ವಹಿಸಿಕೊಂಡೆ. ಇವರಿಗೆ ಮಾದರಿಯಾಗಲಿ ಎಂದು ಬಹಳ ಅಚ್ಚುಕಟ್ಟಾಗಿ ಬರೆದು ಕಳಿಸಿದೆ. ವಾಪಸ್ ಬಂತು. “ಕಡತಕ್ಕೆ ಹೆಸರಿಡುವ ನಿಯಮವನ್ನು ದಯವಿಟ್ಟು ಓದಿ. ಮೊದಲ ಪುಟದಲ್ಲೇ ಇದೆ.” ಮಕ್ಕಳು ಮುಖ ಗಂಭೀರ ಮಾಡಿಕೊಂಡು ನೋಡಿದರು, ಅಲಕಾಳಿಗೆ ಮೊದಲು ನಗು ತಡೆಯಲಾಗಲಿಲ್ಲ. ಮುಂದಿನ ರವಿವಾರ ನನಗೆ ಸಮಾಧಾನ ಹೇಳಲು ಪೇಢೆ ತಂದಿದ್ದರು. ನನಗೆ ನಾಚಿಕೆಯಾಯಿತು, ಸುಳ್ಳೇಕೆ. ಆದರೆ ಅಂದಿನಿಂದ ಯಾರೂ ವಾಪಸ್ ಬಂದದ್ದಕ್ಕೆ ಅಳಲಿಲ್ಲ.

ಮಾರ್ಚ್ ಕೊನೆಗೆ ಒಪ್ಪಿಗೆ ಬಂತು. ಬಾಗಿಲು ತೆರೆದಿದ್ದೇನೆ, ಒಬ್ಬೊಬ್ಬರಾಗಿ ಬರಲು ಹೇಳಿ ಎಂದು ಇಂಗ್ರಿಡ್ ಬರೆದಿದ್ದರು. ಲ್ಯಾಬಿನಲ್ಲಿ ಎದ್ದ ಕೂಗಿಗೆ ಕಾವಲುಗಾರ ಬೆಂಕಿ ಆರಿಸುವ ಸಿಲಿಂಡರ್ ಹೊತ್ತು ಓಡಿ ಬಂದ. ಪ್ರಿನ್ಸಿಪಾಲರು ಸಮಿತಿಗೆ “ನಮ್ಮ ಜರ್ಮನಿಯ ಕೆಲಸ” ಎಂದು ಪರಿಚಯ ಮಾಡಿಸಿದರು, ಸಮಿತಿಯವರು ತಲೆದೂಗಿದರು. ಗುತ್ತಿಗೆ ಮುಂದುವರಿಸುತ್ತೇವೆ ಎಂದಿದ್ದಾರೆ.

ಈಗ ಕೇಳಿ. ಹೋದ ವಾರ ಮೌಖಿಕ ಪರೀಕ್ಷೆ. ಹಿಂದಿನ ದಿನ ಮನೋಜ ಮೆಲ್ಲಗೆ ಬಂದು, “ಮ್ಯಾಡಮ್, ಆ ತಿದ್ದುಪಡಿಯನ್ನು ಪರೀಕ್ಷೆ ಮುಗಿಯುವವರೆಗೆ ಹಿಂದೆ ತೆಗೆದುಕೊಳ್ಳಬಹುದಾ?” ಎಂದು ಕೇಳಿದ. ತನ್ನ ಕೈಯಾರೆ ತಾನೇ ಮೊದಲಿಗನಾಗಿದ್ದೇನೆ ಎಂಬುದು ಅವನಿಗೆ ಆಗ ಹೊಳೆದಿತ್ತು. ಆಫೀಸಿನ ಕಂಪ್ಯೂಟರಿನಲ್ಲಿ ಇನ್ನೂ ಹಳೆಯದೇ ಇದೆ, ಹೆದರಬೇಡ ಎಂದೆ. ಆದರೆ ಪರೀಕ್ಷಕರಾಗಿ ಬಂದವರು ಔರಂಗಾಬಾದಿನ ಮಂಗಲಾ ಮ್ಯಾಡಮ್. ಪಟ್ಟಿ ನೋಡಿದರು, ಪೆನ್ನು ತೆಗೆದರು, ಕಾಳೆಯನ್ನು ಕೆಳಗಿಳಿಸಿ ಕಾಸಾರನನ್ನು ಕರೆದರು. ಪುಕ್ಕಟೆಯಾಗಿ ಇದನ್ನೆಲ್ಲ ಯಾಕೆ ಮಾಡಿದೆ ಎಂಬುದೇ ಮೊದಲ ಪ್ರಶ್ನೆ. “ಯಾರಾದರೂ ಮಾಡುತ್ತಾರೆ ಎಂದು ಎಲ್ಲರೂ ಕಾಯುತ್ತಿದ್ದರು ಮ್ಯಾಡಮ್. ನಾವೂ ಕಾದು ನೋಡಿದೆವು. ಯಾರೂ ಬರಲಿಲ್ಲ” ಎಂದನಂತೆ. ನಿಮ್ಮ ಬೋಲ್ಟಿನ ಪ್ರಶ್ನೆಗೆ ನಾನು ಕೊಡಲಾಗದ ಉತ್ತರವನ್ನು ಆ ಹುಡುಗ ಕೊಟ್ಟ. ಹುರುಪೆಲ್ಲ ಅವನ ಮೇಲೇ ಖರ್ಚಾಯಿತು. ಅಲಕಾ ಆರಾಮಾಗಿ ಹೋಗಿ ಬಂದಳು.

ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ, ಹಿಮದಲ್ಲಿ ತಲೆಗೆ ಮಫ್ಲರ್ ಸುತ್ತದೆ ತಿರುಗಬೇಡ ಎಂದೂ ಹೇಳಿದ್ದಾರೆ. ಚಟ್ನಿಯನ್ನು ಪಕ್ಕದ ಕೋಣೆಯವರಿಗೂ ಕೊಡಿ, ಆದರೆ ಅಗಸಿಯದು ಬೇಡ.

ನಿಮ್ಮ
ಊರ್ಮಿಳಾ

ತಾ.ಕ.: ಖಂಡಪ್ಪನವರ ಕಾರು ಬಂದು ಹಾರ್ನ್ ಹೊಡೆಯುತ್ತಿದೆ, ಬೇಗ ಬರೆಯುತ್ತೇನೆ. ಮಂಗಲಾ ಮ್ಯಾಡಮ್ ತಮ್ಮ ಕಾಲೇಜಿನಲ್ಲಿ ಇದನ್ನೇ ಶುರು ಮಾಡಲು ನನ್ನನ್ನು ಕರೆದಿದ್ದಾರೆ, ಗುತ್ತಿಗೆಯಲ್ಲ, ಕಾಯಂ ಕೆಲಸ. ನಾನು ಹೂಂ ಎಂದಿದ್ದೇನೆ. ಜೂನಿನಿಂದ ಸೋಮವಾರದಿಂದ ಶುಕ್ರವಾರದವರೆಗೆ ಔರಂಗಾಬಾದಿನಲ್ಲೇ ಇರುತ್ತೇನೆ. ನಿಮ್ಮನ್ನು ಕೇಳಿ ಹೇಳೋಣವೆಂದುಕೊಂಡಿದ್ದೆ, ಫೋನಿನಲ್ಲಿ ನಿಮ್ಮ ಉತ್ತರ ಯಾವ ಪ್ರಶ್ನೆಗೆ ಬರುತ್ತದೋ ಎಂದು ಕೇಳಲಿಲ್ಲ. ಅತ್ತೆಯವರನ್ನು ನಿಮ್ಮ ಜೊತೆ ಬಿಡೋಣವೆಂದರೆ ಅವರು ಆಗಲೇ ತಮ್ಮ ಟ್ರಂಕು ತುಂಬಿದ್ದಾರೆ, “ಹುಡುಗ್ರಿಗೆ ಉಸುಳಿ ಯಾರು ಮಾಡ್ಬೇಕು?” ಎನ್ನುತ್ತಿದ್ದಾರೆ. ಅಲ್ಲಿ ನಿಮಗೆ ಇನ್ನೂ ಒಂದು ತಿಂಗಳಿದೆ. ಅನ್ನಕ್ಕೆ ಎಷ್ಟು ನೀರು ಎಂಬುದನ್ನು ಖಂಡಪ್ಪನವರಿಂದ ಕಲಿತು ಬನ್ನಿ.