ಚಿಪ್ಸ್ ಪ್ಯಾಕೆಟ್ಟಿನ ಮೇಲೆ ನೀವು ಒತ್ತಿದ ಹೃದಯ

ಪೊಟ್ಟಣದ ತಿನಿಸುಗಳಿಗೆ ಆರೋಗ್ಯದ ಗುರುತು ಮಂಜೂರು ಮಾಡುವ ಅಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ಕಚೇರಿ ಹೃದಯದ ಗುರುತು ಒತ್ತಿ ಕಳಿಸಿದ ಆಲೂಗಡ್ಡೆ ಚಿಪ್ಸ್ ತಿಂದು ನನ್ನ ಓರಗಿತ್ತಿಯ ಹೃದಯ ನಿಂತೇಹೋಗುವುದರಲ್ಲಿತ್ತು. ಅವಳು ಬದುಕಿದಳು, ದೇವರು ದೊಡ್ಡವನು. ಆದರೆ ಆಸ್ಪತ್ರೆಯ ಫೈಲಿನಲ್ಲಿ 'ರೋಗಿ ಪಥ್ಯ ಪಾಲಿಸುವುದಿಲ್ಲ' ಎಂದು ಬರೆದಿದ್ದಾರೆ. ಆ ಒಂದು ಸಾಲಿನಿಂದಾಗಿ, ಕಿಡ್ನಿ ಕಸಿಗೆ ಕಾಯುವವರ ಪಟ್ಟಿಯಲ್ಲಿ ನಾಲ್ಕನೆಯದಾಗಿದ್ದ ಅವಳ ಹೆಸರನ್ನು ಬದಿಗೆ ಸರಿಸಿದ್ದಾರೆ. ತಪ್ಪು ಅವಳದಲ್ಲ. ಅರ್ಧ ನನ್ನದು, ಅರ್ಧ ನಿಮ್ಮದು. ನನ್ನ ಪಾಲನ್ನು ನಾನು ಒಪ್ಪಿಕೊಳ್ಳುತ್ತಿದ್ದೇನೆ.

ನಾನು ಒಂದು ವಸತಿಗೃಹದ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವವಳು. ಓದಿದ್ದು ಹಳ್ಳಿಶಾಲೆಯ ಏಳನೇ ತರಗತಿ. ಓರಗಿತ್ತಿ ಮನೆಯಲ್ಲೇ ಕೂತು ಶರ್ಟುಗಳಿಗೆ ಕಾಜಾ ಹೊಲಿಯುತ್ತಾಳೆ. ಇಪ್ಪತ್ತಾರು ವರ್ಷ ಒಂದೇ ಒಲೆ ಹಂಚಿಕೊಂಡಿದ್ದೇವೆ; ಜಗಳವಾಡಿಲ್ಲ ಎಂದರೆ ದೇವರು ಮೆಚ್ಚುವುದಿಲ್ಲ. ಎರಡು ವರ್ಷದ ಹಿಂದೆ ಅವಳ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಆಸ್ಪತ್ರೆಯವರು ಕೊಟ್ಟ ಪಥ್ಯದ ಹಾಳೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ, ಅದರಂತೆಯೇ ನಡೆದೆವು. ಉಪ್ಪು ಕಡಿಮೆ ಮಾಡಿ ಎಂದಿತ್ತು, ಮಾಡಿದೆವು. ತರಕಾರಿ ಹೆಚ್ಚಿ, ನೆನೆಸಿ, ಬೇಯಿಸಿ, ನೀರು ಚೆಲ್ಲಿ ಎಂದಿತ್ತು, ಚೆಲ್ಲಿದೆವು.

"ಅಕ್ಕಾ, ನೀನು ತರಕಾರಿ ಬೇಯಿಸ್ತೀಯೋ, ಲಾಂಡ್ರಿ ಬಟ್ಟೆ ಬೇಯಿಸ್ತೀಯೋ?" ಎಂದು ತಟ್ಟೆ ತಳ್ಳುತ್ತಿದ್ದಳು. "ಕುರುಂ ಅನ್ನೋದು ಏನಾದ್ರೂ ಬಾಯಿಗೆ ಬೀಳಲಿ ಮಾರಾಯ್ತಿ. ಸತ್ತಮೇಲೆ ತಂದು ನನ್ನ ಫೋಟೋ ಮುಂದೆ ಇಡ್ತೀಯಾ?"

"ಸುಮ್ನೆ ತಿನ್ನೇ, ಬಾಯಿ ಮಾತ್ರ ಗಟ್ಟಿ ನಿಂದು" ಎಂದು ಗದರುತ್ತಿದ್ದೆ. ಆದರೆ ಅಂಗಡಿಗೆ ಹೋದಾಗೆಲ್ಲ ಅವಳು ತಿನ್ನಬಹುದಾದ ಕುರುಂ ತಿನಿಸು ಹುಡುಕುತ್ತಿದ್ದೆ.

ಹೀಗಿರುವಾಗ ಅಂಗಡಿಯಲ್ಲಿ ಹಸಿರು ಪ್ಯಾಕೆಟ್ ಕಂಡಿತು. 'ಅರ್ಧ ಉಪ್ಪು' ಎಂದು ದಪ್ಪಕ್ಷರ; ಪಕ್ಕದಲ್ಲಿ ನಿಮ್ಮ ಕೆಂಪು ಹೃದಯ. ನಾನು ಕುರುಡು ನಂಬಿಕೆಯಿಂದ ತಂದವಳಲ್ಲ, ಮಾನ್ಯರೇ. ಕನ್ನಡಕ ಹಾಕಿಕೊಂಡು ಪೌಷ್ಟಿಕಾಂಶದ ಪಟ್ಟಿಯನ್ನು ಪೂರ್ತಿ ಓದಿದೆ. ಶಕ್ತಿ ಇಷ್ಟು, ಕೊಬ್ಬು ಇಷ್ಟು, ಸಕ್ಕರೆ ಇಷ್ಟು, ಉಪ್ಪು ಇಷ್ಟೇ ಇಷ್ಟು. ಕಬ್ಬಿಣದ ಅಂಶವನ್ನೂ ಬರೆದಿದ್ದರು, ಅದೇನು ಮೊಳೆಯಷ್ಟಿತ್ತೋ! "ಗುರುತು ಇದೆಯಲ್ಲಮ್ಮಾ, ಇನ್ನೇನು ಬೇಕು?" ಎಂದ ಅಂಗಡಿಯವನು. ಹೌದಲ್ಲ, ಇನ್ನೇನು ಬೇಕು?

ದಿನಕ್ಕೊಂದರಂತೆ ಎಂಟು ದಿನ ತಿಂದಳು. ಮೊದಲ ದಿನ ಕಣ್ಣು ಮುಚ್ಚಿ ಅಗಿಯುತ್ತಾ, "ಅಕ್ಕಾ, ಇವತ್ತಿಗೆ ನಿನ್ನ ಪಾಪ ಎಲ್ಲಾ ಮಾಫಿ" ಎಂದಳು. ಒಂಬತ್ತನೆಯ ದಿನ ಬೆಳಿಗ್ಗೆ ಸೂಜಿಗೆ ದಾರ ಪೋಣಿಸಲು ಕೂತವಳಿಗೆ ಕೈ ಎತ್ತಲಾಗಲಿಲ್ಲ. ಆಸ್ಪತ್ರೆಯಲ್ಲಿ ಏನು ತಿಂದರು ಎಂದು ನರ್ಸಮ್ಮ ಕೇಳಿದಾಗ, ಚೀಲದಿಂದ ಪ್ಯಾಕೆಟ್ ತೆಗೆದು ಹೆಮ್ಮೆಯಿಂದಲೇ ತೋರಿಸಿದೆ: "ಉಪ್ಪು ಕಡಿಮೆದೇ ತಂದಿದ್ದೀನಿ, ಸಿಸ್ಟರ್."

ಅವರು ಅದನ್ನು ತಿರುಗಿಸಿ, ಇರುವೆ ಸಾಲಿನಂಥ ಅಕ್ಷರಗಳ ಕೆಳಗೆ ಉಗುರಿಟ್ಟರು. "ಅರ್ಧ ಉಪ್ಪು ತೆಗೆದು, ಆ ಜಾಗಕ್ಕೆ ಪೊಟ್ಯಾಸಿಯಂ ಉಪ್ಪು ಹಾಕಿದ್ದಾರಮ್ಮಾ. ಆಲೂಗಡ್ಡೇಲೇ ಅದು ಬೇಕಾದಷ್ಟಿದೆ. ನೀವು ತರಕಾರಿ ನೀರು ಚೆಲ್ತಿದ್ದಿದ್ದು ಅದಕ್ಕೇ ಅಲ್ವಾ? ಕಿಡ್ನಿ ಹೋದವರಿಗೆ ಅದು ರಕ್ತದಲ್ಲೇ ಉಳಿದು ಹೃದಯ ನಿಲ್ಲಿಸುತ್ತೆ."

ನೀರು ಏಕೆ ಚೆಲ್ಲುತ್ತೇವೆಂದು ಎರಡು ವರ್ಷದಲ್ಲಿ ಒಬ್ಬರನ್ನೂ ಕೇಳಿರಲಿಲ್ಲ ನಾನು. ಅದು ನನ್ನ ಪಾಲಿನ ತಪ್ಪು. ಕೇಳಿದ್ದರೂ ಏನಾಗುತ್ತಿತ್ತು? ನೀವು ಒಪ್ಪಿ ಗುರುತು ಒತ್ತಿದ ಪಟ್ಟಿಯಲ್ಲಿ ಪೊಟ್ಯಾಸಿಯಂ ಎಷ್ಟೆಂಬ ಸಾಲೇ ಇಲ್ಲ! ಕಬ್ಬಿಣಕ್ಕೆ ಜಾಗವಿದೆ, ಕೊಲ್ಲುವುದಕ್ಕೆ ಜಾಗವಿಲ್ಲವೇ?

ದೂರು ಕೊಟ್ಟೆ. ನಿಮ್ಮ ಉತ್ತರ ಬಂತು: 'ಸದರಿ ಗುರುತು ಉಪ್ಪಿನ ಪ್ರಮಾಣಕ್ಕೆ ಮಾತ್ರ ಸಂಬಂಧಿಸಿದ್ದು, ಗ್ರಾಹಕರು ವೈದ್ಯರ ಸಲಹೆ ಪಡೆಯತಕ್ಕದ್ದು.' ಆಗಲಿ. ಇನ್ನು ಮುಂದೆ ಅಂಗಡಿಗೆ ಹೋಗುವಾಗ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಡಾಕ್ಟರನ್ನು ಹಿಡಿದುಕೊಂಡೇ ಹೋಗುತ್ತೇವೆ. ಆದರೆ ಉಪ್ಪಿಗಷ್ಟೇ ಸಂಬಂಧಿಸಿದ ಗುರುತಾದರೆ ಉಪ್ಪಿನ ಹರಳನ್ನೇ ಬಿಡಿಸಬಹುದಿತ್ತಲ್ಲ? ಹೃದಯ ಬಿಡಿಸಿರೆಂದು ನಿಮಗೆ ಹೇಳಿದವರು ಯಾರು?

ಕಸಿ ಕಮಿಟಿಯವರ ಮುಂದೆ ಹೋಗಿ ತಂದವಳೂ ತಿನ್ನಿಸಿದವಳೂ ನಾನೇ ಎಂದೆ. "ಬಾಯಿ ಮಾತು ನಡೆಯಲ್ಲಮ್ಮಾ, ಸಂಬಂಧಪಟ್ಟ ಕಚೇರಿಯಿಂದ ಕಾಗದ ತನ್ನಿ" ಎಂದರು. ದೇವರೆದುರು ದಿನಾ ತಪ್ಪೊಪ್ಪಿಕೊಳ್ಳುತ್ತೇನೆ. ಅವನು ಕಾಗದ ಕೇಳುವುದಿಲ್ಲ. ಓರಗಿತ್ತಿ ಈಗ ತಟ್ಟೆ ತಳ್ಳುವುದಿಲ್ಲ. ಹಾಕಿದ್ದನ್ನು ಹಾಕಿದ ಹಾಗೆ ತಿಂದು ಎದ್ದು ಹೋಗುತ್ತಾಳೆ. ಅವಳು ಬೈದಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ಪ್ಯಾಕೆಟ್ಟಿನ ಮುಂಭಾಗದಲ್ಲೇ, ಹೃದಯದಷ್ಟೇ ದೊಡ್ಡದಾಗಿ, 'ಕಿಡ್ನಿ ರೋಗಿಗಳು ತಿನ್ನಬಾರದು' ಎಂದು ಬರೆಸಿ. ಅದಕ್ಕೆ ಸಭೆ ಸೇರಬೇಕು, ವರದಿ ಬರಬೇಕು, ಗೊತ್ತು. ಆದರೆ ನಾನು ಕೇಳುವ ಕಾಗದಕ್ಕೆ ಸಭೆ ಬೇಡ. ಕಮಿಟಿ ಮತ್ತೆ ಕೂರುವುದು ಬರುವ ತಿಂಗಳ ಎರಡನೆಯ ಬುಧವಾರ. ಅಷ್ಟರೊಳಗೆ ಒಂದೇ ಸಾಲು ಬರೆದುಕೊಡಿ. ನಿಮಗೆ ಶ್ರಮವಾಗದಿರಲೆಂದು ನಾನೇ ಬರೆದಿಟ್ಟಿದ್ದೇನೆ: 'ಈ ರೋಗಿ ಪಥ್ಯ ಮುರಿದಿಲ್ಲ, ನಮ್ಮನ್ನು ನಂಬಿದ್ದಾಳೆ.' ಕೆಳಗೆ ಸಹಿ ಹಾಕಿದರೆ ಸಾಕು.

ಇಂತಿ,
ಅವಳ ತಟ್ಟೆಗೆ ಈಗಲೂ ಬಡಿಸುತ್ತಿರುವ, ಅವಳ ಮುಖ ನೋಡಲಾರದ
ಓರಗಿತ್ತಿ