ತಂಬಿಗೆಯೊಳಗಿನ ಜೋಲಿ

ಜೋಗೇಶ್ವರಿ ಪೂರ್ವ, ಮುಂಬೈ
೨೩ ಫೆಬ್ರವರಿ ೨೦೨೫

ಪ್ರೀತಿಯ ಶಿವಕ್ಕಾ,

ನಿನ್ನ ತಂಗಿಯ ಶರಣು. ಸಂಕ್ರಾಂತಿಗೆ ನೀನು ಕಳಿಸಿದ ಸಜ್ಜಿ ರೊಟ್ಟಿ, ಅಗಸಿ ಹಿಂಡಿ ತಲುಪಿ ತಿಂಗಳು ದಾಟಿತು. ಉತ್ತರ ಈಗ ಬರೆಯುತ್ತಿದ್ದೇನೆ, ಬೈಯಬೇಡ. ಒಂದೇ ಖೋಲಿಯ ಮನೆಯಲ್ಲಿ ಫೋನಿನಲ್ಲಿ ಆಡಿದ ಮಾತು ಎಲ್ಲರದೂ ಆಗುತ್ತದೆ. ಅದಕ್ಕೇ ಕಾಗದ ಹಿಡಿದೆ.

ಓಂಕಾರ ಚೆನ್ನಾಗಿದ್ದಾನೆ, ಮಗುಚಿಕೊಳ್ಳಲು ಕಲಿತಿದ್ದಾನೆ. ಅವನಿಗೆ ನಿದ್ದೆ ಬರುತ್ತದೆ, ನನಗೆ ಬರುವುದಿಲ್ಲ. ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುವ ಚಾಳಿ ಇನ್ನೂ ಬಿಟ್ಟಿಲ್ಲ. "ಹಿಂಗ ಮುಟ್ಟಿ ಮುಟ್ಟಿ ನೋಡಿದರ ಕೂಸಿನ ನಿದ್ದಿನೂ ಕೆಡಸ್ತಿ ನೋಡವಾ" ಎಂದು ಅತ್ತೆ ಗದರುತ್ತಾರೆ.

ನಿನ್ನ ರೊಟ್ಟಿಯನ್ನೆಲ್ಲ ತಿಂದೆವು, ಒಂದನ್ನು ಬಿಟ್ಟು. ಅದರ ಚಿತ್ರ ಬರೆದೆ ಅಕ್ಕಾ, ತೈಲವರ್ಣದಲ್ಲಿ!

ನಮ್ಮ ಬಿಲ್ಡಿಂಗಿನ ಹಿಂದೆ ಅಖ್ತರಿ ಟೀಚರ್ ಶನಿವಾರ ಚಿತ್ರಕಲೆಯ ಕ್ಲಾಸು ನಡೆಸುತ್ತಾರೆ. ಕಲಬುರಗಿ ಕಡೆಯವರು. ಮೊದಲ ದಿನವೇ ಕೇಳಿದರು: "ಎಲ್ಲಾರೂ ಸಮುದ್ರ, ಸೂರ್ಯಾಸ್ತ ಅಂತಾರ. ನೀ ಇದ್ದದ್ದು ಇದ್ದಂಗ ಬರೀಬೇಕಂತಿ. ಕಾಯ್ಕು, ಯಾಕ?" ಒಂದು ಮುಖ ಬರೆಯುವುದಿದೆ ಎಂದೆ. ಯಾರದೆಂದು ಹೇಳಲಿಲ್ಲ. "ಮುಖ ಬಾದ್ ಮೇ. ಮೊದಲ ತಾಮ್ರ ತಾಮ್ರದಂಗ ಬರ್ಲಿ" ಎಂದರು.

ಕಿಟಕಿಯ ಪಕ್ಕದ ಟ್ರಂಕಿನ ಮೇಲೆ ಅವ್ವ ಕೊಟ್ಟ ತಾಮ್ರದ ತಂಬಿಗೆ, ನಿನ್ನ ರೊಟ್ಟಿ, ಒಂದು ಬೆಳ್ಳುಳ್ಳಿ ಗಡ್ಡೆ ಇಟ್ಟೆ. ಕ್ಲಾಸಿನ ಮಾಧುರಿ ಬರೆಯಲು ಇಟ್ಟ ಬಾಳೆಹಣ್ಣುಗಳು, ಚಿತ್ರ ಮುಗಿಯುವ ಮೊದಲೇ ಕಪ್ಪಾದವು. ನಮ್ಮ ಕಡಕ್ ರೊಟ್ಟಿ ಮಿಸುಕಲಿಲ್ಲ. ಮಗುವಿಗೆ ವಾಸನೆ ತಾಗದಿರಲೆಂದು ಬಣ್ಣ ತೆಳುಮಾಡುವ ಟರ್ಪೆಂಟೈನ್ ಮನೆಯೊಳಗೆ ತರಲಿಲ್ಲ, ಕ್ಯಾನ್ವಾಸಿನ ಬಣ್ಣಕ್ಕೆ ಬರೀ ಅಗಸೆ ಎಣ್ಣೆ. ಅತ್ತೆ ಮೂಸಿ ನೋಡಿ, "ಅಯ್ಯ, ತಿನ್ನೂ ಅಗಸಿ ತಂದು ಬಟ್ಟಿಗೆ ಬಳೀತಿಯಲ್ಲ!" ಎಂದರು. ನೆರಳು, ಬೆಳಕು ಬೇರೆಬೇರೆ ಕಾಣಬೇಕಾದರೆ ಕಣ್ಣು ಅರ್ಧ ಮುಚ್ಚಿ ನೋಡಬೇಕಂತೆ. ನಿದ್ದೆಗೆಟ್ಟ ಬಾಣಂತಿಗೆ ಅದನ್ನೂ ಹೇಳಿಕೊಡಬೇಕೇ?

ಆದರೆ ಕೈ ಕೂರಲಿಲ್ಲ. ಓಂಕಾರನ ಜೋಲಿ ನನ್ನ ಬೆನ್ನ ಹಿಂದೆ. ಎರಡು ಗೀರು ಎಳೆಯುವುದು, ಎದ್ದು ಹೋಗಿ ಉಸಿರು ನೋಡುವುದು. ಹೇಗೋ ಕಪ್ಪಿಟ್ಟ ತಂಬಿಗೆಯ ಕಂದುಬಣ್ಣ ಒಂದು ಹದಕ್ಕೆ ಬಂತು. ಅಷ್ಟರಲ್ಲಿ ಒಂದು ದಿನ ಸ್ನಾನ ಮುಗಿಸಿ ಬಂದರೆ, ತಂಬಿಗೆ ಥಳಥಳ ಹೊಳೆಯುತ್ತಿದೆ! ಹುಣಸೆಹಣ್ಣು ಹಚ್ಚಿ ತಿಕ್ಕಿಬಿಟ್ಟಿದ್ದಾರೆ ಅತ್ತೆ.

"ಅತ್ತಿ, ಏನ ಮಾಡಿದ್ರಿ ಇದು?"

"ಮತ್ತೇನು? ಕಿಲಬು ಹಿಡದ ತಂಬಗಿ ಮಂದಿಗೆ ಕಾಣೂ ಹಂಗ ಇಟ್ಟೀದಿ. ಈ ಮನ್ಯಾಗ ಹುಣಸಿಹಣ್ಣಿಗೂ ಗತಿ ಇಲ್ಲಂತ ತಿಳ್ಕೋಬೇಕೇನು?"

ಅತ್ತುಬಿಟ್ಟೆ. ಶನಿವಾರ ಕ್ಲಾಸಿನಲ್ಲಿ ಹೇಳಿಕೊಂಡರೆ ಟೀಚರ್ ನಕ್ಕರು: "ಸಾಸ್ ಕೋ ಶುಕ್ರಿಯಾ ಬೋಲ್, ಅತ್ತಿ ಉಪಕಾರನೇ ಮಾಡ್ಯಾರ. ಕಪ್ಪು ತಾಮ್ರ ಯಾರರೇ ಬರೀತಾರ. ಹೊಳಿಯೂದು ಬರಿ."

ಹಳೆಯ ಬಣ್ಣ ಕೆರೆದು ಮತ್ತೆ ಕೂತೆ. ಅರ್ಧ ಕಣ್ಣು ಮುಚ್ಚಿ ನೋಡಿದರೆ, ಅಕ್ಕಾ, ತಂಬಿಗೆಯ ಹೊಟ್ಟೆಯಲ್ಲಿ ಇಡೀ ಖೋಲಿ ಬಾಗಿಕೊಂಡು ಕೂತಿದೆ. ಕಿಟಕಿಯ ಸರಳು, ಒಣಹಾಕಿದ ಲಂಗೋಟಿ, ಅಂಚಿನಲ್ಲಿ ಹಸಿರು ಸೀರೆಯ ಜೋಲಿ. ಜೋಲಿ ಮೆಲ್ಲಗೆ ಅಲುಗುತ್ತಿದೆ. ಹಿಂದೆ ತಿರುಗದೆಯೇ ಮಗ ಕಾಣುತ್ತಿದ್ದಾನೆ! ಅಂದು ಮೊದಲ ಸಲ ಏಳದೆ, ಅವನು ಹಾಲಿಗೆ ಅಳುವವರೆಗೂ ಬರೆದೆ.

ಆಮೇಲೆ ಅತ್ತೆಯದು ದಿನದ ಕೆಲಸವಾಯಿತು. ಬೆಳಿಗ್ಗೆ ತಿಕ್ಕುವುದು, ಟ್ರಂಕಿನ ಮೇಲೆ ರಂಗೋಲಿ ಪುಡಿಯಿಂದ ಗುಂಡಗೆ ಗುರುತು ಮಾಡಿದ್ದಾರೆ, ಅದರೊಳಗೇ ಇಡುವುದು. "ಕುಂದರು, ನಿನ್ನ ತಂಬಗಿ ತಯಾರದ."

ಮೊನ್ನೆ ಚಿತ್ರ ಮುಗಿಯಿತು. ಅತ್ತೆ ಹತ್ತಿರ ಬಂದು ಬಹಳ ಹೊತ್ತು ನೋಡಿದರು. ಹೊಗಳುತ್ತಾರೆಂದು ಕಾದೆ. "ಕಂಠದ ಬುಡಕ ಇದೇನು ಹಸರು?" ಎಂದವರೇ ನಿಜವಾದ ತಂಬಿಗೆ ಎತ್ತಿ ಬೆಳಕಿಗೆ ಹಿಡಿದರು. ಅಲ್ಲಿ ಸಣ್ಣದೊಂದು ಕಿಲುಬು ಉಳಿದೇ ಇತ್ತು! "ನನ್ನ ಕಣ್ಣಿಗೆ ಬೀಳ್ಲಿಲ್ಲ, ನಿನ್ನ ಚಿತ್ರದಾಗ ಸಿಕ್ಕಬಿದ್ದೆ ನೋಡು" ಎಂದು ನಗುತ್ತ ತಿಕ್ಕಲು ಹೋದರು.

ಅದನ್ನು ಕೇಳಿ ಟೀಚರ್ ಬಿದ್ದುಬಿದ್ದು ನಕ್ಕರು. ಕ್ಲಾಸಿನ ನಡುವಿನ ಗೋಡೆಗೆ ನನ್ನ ಚಿತ್ರ ತೂಗುಹಾಕಿಸಿ, "ಪಾಸ್! ಬರೂ ಶನಿವಾರ ಮುಖ ಶುರು ಮಾಡು" ಎಂದರು. ಮನೆಗೆ ನಡೆದು ಬಂದೆನೋ ಹಾರಿ ಬಂದೆನೋ. ನಮ್ಮವರು ಲೋಕಲ್ ರೈಲಿನಲ್ಲಿ ಗುರುತಿಲ್ಲದವರಿಗೂ ಚಿತ್ರದ ಫೋಟೋ ತೋರಿಸುತ್ತಿದ್ದಾರಂತೆ. ಆ ದಿನ ನನಗೆ ನಿದ್ದೆಯೂ ಬಂತು.

ಮಾವನವರಿಗೆ ನಮಸ್ಕಾರ. ನಿನ್ನ ಮಕ್ಕಳು ಬಣ್ಣ ಚೆಲ್ಲಿದರೆ ಹೊಡೆಯಬೇಡ. ಚಿಕ್ಕವ್ವನ ಆಶೀರ್ವಾದ ಅವರ ಮೇಲಿರಲಿ.

ನಿನ್ನ
ರಂಜನಾ

ತಾ.ಕ.: ಯಾರ ಮುಖವೆಂದು ನಿನಗೆ ಹೊಳೆದಿರಬೇಕು. ಓಂಕಾರನಿಗಿಂತ ಮೊದಲು ಬಂದು, ಅಳದೆಯೇ ಹೋದವಳದು. ಅಂದು ಯಾರೂ ಒಂದು ಫೋಟೋ ತೆಗೆಯಲಿಲ್ಲ, ತೆಗೆಯಬಾರದು ಎಂದರು. ಕೆನ್ನೆಯ ಬಣ್ಣ ನೆನಪಿದೆ, ಅದನ್ನು ಕಲಸುವುದೂ ಈಗ ಗೊತ್ತು. ಮುಚ್ಚಿದ ರೆಪ್ಪೆ ನೆನಪಿದೆ. ಕಿವಿ ಮಾತ್ರ ಮಸುಕಾಗುತ್ತಿದೆ. ಬಟ್ಟೆಯಲ್ಲಿ ಸುತ್ತಿ ಅವಳನ್ನು ನನ್ನ ಕೈಗೆ ಕೊಟ್ಟವಳು ನೀನು, ತಿರುಗಿ ಇಸಿದುಕೊಂಡವಳೂ ನೀನೇ. ಅಕ್ಕಾ, ಅವಳ ಕಿವಿ ಹೇಗಿತ್ತು? ಸಮಾಧಾನದ ಮಾತು ಬೇಡ, ನೀನು ನೋಡಿದ್ದಷ್ಟು ಬರೆ. ಇದ್ದ ಹಾಗೆ ಬರೆಯಲು ಈಗ ನನಗೆ ಬರುತ್ತದೆ.