ಭಾವ ಮೊದಲೇ ಹೇಳಿದ್ದರು

ಲಾಂಡ್ರಿಯ ಹಿಂದಿನ ಕೋಣೆ,
ಹದಿನಾರನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮಗಳ ಮನೇಲಿ ಹೇಗಿದ್ದೀಯ? ಮಂಡಿನೋವು ಕಡಿಮೆ ಆಯ್ತಾ? ಬಾಣಂತಿ ಸರಿಯಾಗಿ ಊಟ ಮಾಡ್ತಿದ್ದಾಳಾ? ಮೊಮ್ಮಗಳು ನಿಮ್ಮನ್ನೆಲ್ಲ ಚೆನ್ನಾಗಿ ಕುಣಿಸ್ತಿದ್ದಾಳೆ ತಾನೆ? ನನಗೆ ಬರೆಯೋಕೆ ಸೋಮಾರಿತನ, ನಿನಗೆ ಗೊತ್ತಲ್ಲ, ಅದಕ್ಕೇ ಫೋನಿಗೆ ಮಾತಾಡಿ ಕಳಿಸ್ತಿದ್ದೀನಿ. ಜೋರಾಗಿ ಹಾಕಬೇಡ, ಕಿವಿಗಿಟ್ಕೊಂಡು ಒಬ್ಬಳೇ ಕೇಳು. ವಿಷಯ ನಿನ್ನ ಗಂಡಂದು.

ಭಾವ ಏನೋ ಮುಚ್ಚಿಡ್ತಿದ್ದಾರೆ ಕಣಕ್ಕಾ. ದೊಡ್ಡ ಮೆಷಿನ್ನಿನ ಬೆಲ್ಟು ಹತ್ತನೇ ತಾರೀಕಿಗೆ ಹೋಗುತ್ತೆ ಅಂತ ಹೋದ ತಿಂಗಳೇ ಹೇಳಿದ್ದರು. ಒಂಬತ್ತಕ್ಕೆ ಹೋಯ್ತು. ಸೋಮವಾರ ಪಂಪು ಅಂದಿದ್ದರು. ಭಾನುವಾರವೇ ಕೈಕೊಡ್ತು, ರೂಮೆಲ್ಲ ನೀರು, ಹೋಟೆಲಿನವರ ಬೆಡ್‌ಶೀಟೆಲ್ಲ ತೇಲಾಡ್ತಿತ್ತು. ನೋಡಿದ್ರೆ ಹೊಸ ಪಂಪು ಆಗಲೇ ಅವರ ಚೀಲದಲ್ಲಿ! ಇಪ್ಪತ್ತು ವರ್ಷದಲ್ಲಿ ಇಷ್ಟು ಕರಾರುವಾಕ್ಕಾಗಿ ಯಾವತ್ತು ಹೇಳಿದ್ದರು? ಕೆಡಿಸೋನಿಗಲ್ಲದೆ ಇನ್ಯಾರಿಗೆ ತಾರೀಕು ಗೊತ್ತಿರುತ್ತೆ? ಅಂಗಡಿ ಮುಚ್ಚಿಸಿ ನನ್ನ ಕೈಗೆ ಚಿಪ್ಪು ಕೊಡೋ ಯೋಚನೆ ಇದ್ದಂಗಿದೆ. ಮೊದಲೆಲ್ಲ ಸ್ಕ್ರೂಡ್ರೈವರ್ ತುದಿನ ಮೆಷಿನ್ನಿಗೆ ಊರಿ, ಹಿಡಿನ ಕಿವಿಗಿಟ್ಟು ಸದ್ದು ಕೇಳ್ತಿದ್ದರು. ಈಗ ಹಿಡಿನ ಹಲ್ಲಲ್ಲಿ ಕಚ್ಕೊಂಡು ಕಣ್ಣುಮುಚ್ಚಿ ಕೂರ್ತಾರೆ. "ಏನು ಭಾವ, ಊಟ ಸಾಕಾಗಲಿಲ್ವಾ?" ಅಂತ ಬೆನ್ನ ಹಿಂದಿನಿಂದ ಚುಚ್ಚಿದೆ. ತಿರುಗಿ ಕೂಡ ನೋಡಲಿಲ್ಲ, ದೊಡ್ಡ ಮನುಷ್ಯ! ನೀನು ಫೋನ್ ಮಾಡಿದಾಗಲೂ ಅಷ್ಟೇ, ಜೇಬಲ್ಲಿ ಬಡ್ಕೊಳ್ತಿದ್ರೂ ಬಟ್ಟೆ ಮಡಿಸ್ತಾನೇ ಇರ್ತಾರೆ. "ನನ್ನ ಮೇಲೆ ಯಾಕೆ ಮುನಿಸು" ಅಂತ ನೀನು ಅಲ್ಲಿ ಅಳ್ತೀಯ. ಇವರು ಇಲ್ಲಿ ಮೆಷಿನ್ನಿನ ಹಿಂದಿನ ತಗಡಿನ ಒಳಗೆ ಸೀಮೆಸುಣ್ಣದಲ್ಲಿ ಏನೋ ಗೀಚ್ತಾರೆ, ನಾನು ಹೋದ್ರೆ ಫಟ್ ಅಂತ ಮುಚ್ತಾರೆ. ಈಗ ಡೆಲಿವರಿಗೆ ಹೋಗಿದ್ದಾರೆ. ಇದು ಮುಗಿಸಿದ್ದೇ ತಗಡು ಬಿಚ್ತೀನಿ. ಕಳ್ಳಾಟ ಸಿಕ್ಕಿದ್ರೆ ಭಾವ ಅಂತಾನೂ ನೋಡಲ್ಲ.

ಮಗಳನ್ನ, ಅಳಿಯನ್ನ ಕೇಳ್ದೆ ಅನ್ನು. ಕೂಸಿನ ನೆತ್ತಿಗೆ ನನ್ನದೊಂದು ಮುತ್ತು.

ನಿನ್ನ ಬಾಯಿಬಡುಕ ತಮ್ಮ

ಮರೆತ ಮಾತು: ಅಕ್ಕಾ, ಆಗ ಬೈದದ್ದೆಲ್ಲ ಬಿಡು. ತಗಡು ಬಿಚ್ಚಿದೆ. ಬೆಲ್ಟು, ಪಂಪು, ಎದುರಿಗೆ ತಾರೀಕು, ಆಗಿಹೋದದ್ದಕ್ಕೆ ಒಂದೊಂದು ಗೀಟು. ಕೆಳಗೆ "ಬಲಗಿವಿ". ಅದಕ್ಕೂ ಗೀಟು ಬಿದ್ದಿದೆ. ಕೊನೆಗೆ "ಎಡಗಿವಿ, ಹದಿನೆಂಟನೇ ತಾರೀಕು". ಅದಕ್ಕೆ ಇನ್ನೂ ಗೀಟಿಲ್ಲ. ಕಿವಿ ಪೂರ್ತಿ ಹೋಗೋ ಮೊದಲು ರಿಪೇರಿಯೆಲ್ಲ ಮುಗಿಸ್ತಿದ್ದಾರೆ ಕಣೇ. ಸ್ಕ್ರೂಡ್ರೈವರ್ ಹಲ್ಲಲ್ಲಿ ಕಚ್ತಿದ್ದದ್ದೂ ಅದಕ್ಕೇ, ಕಿವಿಗೆ ಸಿಗದ ಸದ್ದನ್ನ ಹಲ್ಲಲ್ಲಿ ಹಿಡಿಯೋಕೆ. ನಿನ್ನ ಫೋನು ಅವರಿಗೆ ಕೇಳಿಸ್ತಾನೇ ಇರಲಿಲ್ಲ. ಕೂಸು ಅತ್ತರೂ ಸರಿ, ನಕ್ಕರೂ ಸರಿ, ರೆಕಾರ್ಡ್ ಮಾಡಿ ಇವತ್ತೇ ಕಳಿಸು, ಎಡಗಿವಿಗೆ ನಾನೇ ಹಿಡೀತೀನಿ. ನಾಳೆ ಅನ್ನಬೇಡ. ಅವರು ಹೇಳಿದ್ದೆಲ್ಲ ಒಂದು ದಿನ ಮೊದಲೇ ಆಗಿದೆ.